5 ವಾರ 6 ದಿನ ಅಂತ ರಿಪೋರ್ಟ್, ಹಾರ್ಟ್‌ಬೀಟ್ ಇಲ್ಲ ಅಂದ್ರು, ಏನ್ಮಾಡ್ಲಿ?

ಪ್ರಶ್ನೆ: ನಮಸ್ತೆ ಡಾಕ್ಟ್ರೇ. ನಂಗೆ 27 ವರ್ಷ, ಮದ್ವೆ ಆಗಿ ಒಂದೂವರೆ ವರ್ಷ ಆಯ್ತು. ನಂಗೆ ಮೊದ್ಲಿಂದ್ಲೂ ಮುಟ್ಟು 35 ದಿನಕ್ಕೊಂದ್ಸಲ ಬರೋದು. ಈ ಸಲ 31ನೇ ದಿನ ಒಂಚೂರು ಕಂದು ಕಲೆ ಕಾಣಿಸ್ಕೊಂಡು ನಿಂತೋಯ್ತು. 35ನೇ ದಿನ ಸಂಜೆ ಕಿಟ್‌ನಲ್ಲಿ ನೋಡಿದ್ರೆ ಎರಡನೇ ಗೆರೆ ಇದೆಯೋ ಇಲ್ವೋ ಅನ್ನೋ ಹಾಗಿತ್ತು, ಎರಡು ದಿನ ಬಿಟ್ಟು ಬೆಳಿಗ್ಗೆ ನೋಡಿದಾಗ ಚೆನ್ನಾಗಿ ಬಂತು. ತಡ್ಕೊಳಕ್ಕಾಗ್ದೆ ಹೋಗಿ ಸ್ಕ್ಯಾನ್ ಮಾಡಿಸ್ದೆ. 5 ವಾರ 6 ದಿನ, ಸ್ಯಾಕ್ (ಮಗು ಬೆಳೆಯೋ ಚೀಲ) 5 ಎಂಎಂ, ಮಗು ಕಾಣ್ತಿಲ್ಲ, ಹಾರ್ಟ್‌ಬೀಟ್ ಇಲ್ಲ ಅಂತ ಬರೆದಿದಾರೆ. ಅಲ್ಲಿದ್ದವರು ಇದು ನಿಲ್ಲಲ್ಲ, ಬೇಗ ತೆಗೆಸ್ಬಿಡಿ ಅಂದ್ರು. ನಂಗೆ ವಾಂತಿನೂ ಇಲ್ಲ, ಬರೀ ಎದೆ ನೋವು, ಸುಸ್ತು. ಹಿಂದಿನ ವಾರ ಬಸ್ಸಲ್ಲಿ ಶಿವಮೊಗ್ಗಕ್ಕೆ ಹೋಗ್ಬಂದೆ, ಅದ್ರಿಂದ ಹೀಗಾಯ್ತಾ? ಮಾತ್ರೆ ತಗೊಂಡು ಕ್ಲೀನ್ ಮಾಡ್ಕೊಂಡ್ಬಿಡ್ಲಾ?

ಉತ್ತರ: ಮೊದಲು ಒಂದು ಮಾತು ತಾಯಿ, ಬಸಿರು ತೆಗೆಯೋ ಯಾವ ಮಾತ್ರೆನೂ ನುಂಗ್ಬೇಡಿ. ನೀವು ಕೊಟ್ಟಿರೋ ತಾರೀಖುಗಳನ್ನ ಕ್ಯಾಲೆಂಡರ್ ಮುಂದಿಟ್ಕೊಂಡು ಎರಡು ಸಲ ಎಣಿಸ್ದೆ, ನಿಮ್ಮ ಬಸಿರು ಕೆಟ್ಟಿದೆ ಅನ್ನೋಕೆ ಆ ರಿಪೋರ್ಟಲ್ಲಿ ಏನೂ ಇಲ್ಲ.

ವಿಷಯ ಇರೋದು ವಾರದ ಲೆಕ್ಕದಲ್ಲಿ. ನಾವು ಡಾಕ್ಟ್ರುಗಳು ವಾರ ಎಣಿಸೋದು ಕಡೇ ಸಲ ಮುಟ್ಟಾದ ಮೊದಲನೇ ದಿನದಿಂದ, ಆವತ್ತು ಹೊಟ್ಟೇಲಿ ಮಗು ಅನ್ನೋದೇ ಇರಲ್ಲ. 28 ದಿನಕ್ಕೆ ಮುಟ್ಟಾಗೋರಿಗೆ ಅಂಡಾಣು ಬಿಡುಗಡೆ ಆಗೋದು ಹೆಚ್ಚುಕಮ್ಮಿ 14ನೇ ದಿನ. ಅದು ಬಿಡುಗಡೆ ಆದ್ಮೇಲೆ ಮುಂದಿನ ಮುಟ್ಟಿಗೆ ಸುಮಾರು 14 ದಿನ ಅನ್ನೋದು ಅಷ್ಟಾಗಿ ಬದಲಾಗಲ್ಲ, ಏರುಪೇರು ಆಗೋದು ಅದಕ್ಕಿಂತ ಮುಂಚಿನ ದಿನಗಳಲ್ಲಿ. ಹಾಗಾಗಿ 35 ದಿನದ ನಿಮಗೆ ಅಂಡಾಣು ಬಂದಿರೋದು 21ನೇ ದಿನದ ಆಸುಪಾಸು. 5 ವಾರ 6 ದಿನ ಅಂದ್ರೆ ಸ್ಕ್ಯಾನ್ ಮಾಡಿದ್ದು 41ನೇ ದಿನ, 41ರಲ್ಲಿ 21 ಕಳೀರಿ, ಆವತ್ತು ನಿಮ್ಮ ಮಗುವಿನ ನಿಜವಾದ ವಯಸ್ಸು ಬರೀ 20 ದಿನ! ಮಷೀನು ನೀವು ಹೇಳಿದ ಡೇಟ್ ಹಾಕ್ಕೊಂಡು 5 ವಾರ 6 ದಿನ ಅಂತು, ನಿಮ್ಮ ಲೆಕ್ಕದಲ್ಲಿ ಈ 20ಕ್ಕೆ ಎಲ್ಲರಿಗೂ ಸೇರಿಸೋ ಮೊದಲಿನ 14 ದಿನ ಸೇರಿಸಿದ್ರೆ 34, ಅಂದ್ರೆ ಇನ್ನೂ 5 ವಾರಾನೂ ತುಂಬಿಲ್ಲ.

ಆ 20 ದಿನದಲ್ಲಿ ಒಳಗೆ ಏನೇನಾಗಿರತ್ತೆ ಅಂತ ಹೇಳ್ತೀನಿ, ಇದು ಗೊತ್ತಾದ್ರೆ ನಿಮ್ಮ ಅರ್ಧ ಭಯ ಹೋಗತ್ತೆ. ಅಂಡಾಣು ಬದುಕೋದು ಹೆಚ್ಚಂದ್ರೆ ಒಂದು ದಿನ, ವೀರ್ಯಾಣು ಐದು ದಿನದವರೆಗೂ ಕಾಯಬಲ್ಲದು, ಇವೆರಡೂ ಸೇರೋದು ಗರ್ಭಕೋಶದಲ್ಲಲ್ಲ, ಪಕ್ಕದ ಟ್ಯೂಬಲ್ಲಿ. ಅಲ್ಲಿ ಒಂದು ಕಣ ಎರಡಾಗಿ, ಎರಡು ನಾಲ್ಕಾಗಿ, ಮೂರನೇ ದಿನಕ್ಕೆ ಎಂಟರ ಹತ್ರ ಬಂದು, ಹಾಗೇ ಉರುಳ್ಕೊಂಡು ಗರ್ಭಕೋಶದ ಕಡೆ ಬರತ್ತೆ. ಐದನೇ ದಿನದ ಹೊತ್ತಿಗೆ ಒಳಗೆ ನೀರು ತುಂಬಿದ ಪುಟ್ಟ ಗುಳ್ಳೆ ಥರ ಆಗಿರತ್ತೆ, ಒಳಗಿನ ಒಂದು ಗೊಂಚಲು ಕಣ ಮಗು ಆಗೋಕೆ, ಹೊರಗಿನ ಪದರ ಮಾಸು ಆಗೋಕೆ. ಆರೇಳು ದಿನಕ್ಕೆ ಅದು ಗರ್ಭಕೋಶದ ಗೋಡೆ ಕಚ್ಕೊಳೋಕೆ ಶುರು ಮಾಡತ್ತೆ, ಬಹಳಷ್ಟು ಜನರಲ್ಲಿ ಎಂಟರಿಂದ ಹತ್ತನೇ ದಿನದೊಳಗೆ ಅಂಟ್ಕೊಂಡಿರತ್ತೆ. ನಿಮ್ಮ 31ನೇ ದಿನದ ಕಂದು ಕಲೆ ಬಂದಿದ್ದು ಸರಿಯಾಗಿ ಈ ಹೊತ್ತಿಗೆ, ಅದ್ರಿಂದಾನೇ ಬಂತು ಅಂತ ಯಾರೂ ಪ್ರಮಾಣ ಮಾಡಿ ಹೇಳಕ್ಕಾಗಲ್ಲ, ಆದ್ರೆ ಬಸಿರಾದ ಶುರುವಲ್ಲಿ ಹೆಚ್ಚುಕಮ್ಮಿ ನಾಲ್ಕರಲ್ಲಿ ಒಬ್ಬರಿಗೆ ಹೀಗೆ ಒಂಚೂರು ಕಾಣತ್ತೆ, ಅವರಲ್ಲಿ ಬಹಳ ಜನಕ್ಕೆ ಏನೂ ತೊಂದ್ರೆ ಆಗಲ್ಲ.

ಅಂಟ್ಕೊಂಡ ಮೇಲೇನೇ ಎಚ್‌ಸಿಜಿ ಅನ್ನೋ ಹಾರ್ಮೋನ್ ನಿಮ್ಮ ರಕ್ತಕ್ಕೆ ಬರೋದು, ಕಿಟ್ ಹಿಡಿಯೋದೂ ಅದನ್ನೇ. ಅದು ಎರಡು ಮೂರು ದಿನಕ್ಕೊಮ್ಮೆ ಡಬಲ್ ಆಗ್ತಾ ಹೋಗತ್ತೆ, ಅದಕ್ಕೇ ಸಂಜೆ ನೋಡಿದ ಗೆರೆ ತೆಳು, ಎರಡು ದಿನ ಬಿಟ್ಟು ಬೆಳಗಿನ ಮೊದಲ ಮೂತ್ರದಲ್ಲಿ ದಟ್ಟ. ಗೆರೆ ಹಾಗೆ ದಟ್ಟ ಆಗಿದ್ದು ಒಳ್ಳೇ ಲಕ್ಷಣಾನೇ.

ಅಂಡಾಣು ವೀರ್ಯಾಣು ಸೇರಿದ ಮೇಲೆ ಮೂರನೇ ವಾರದಲ್ಲಿ ಆ ಗೊಂಚಲು ಮೂರು ಪದರ ಆಗತ್ತೆ, ಒಂದ್ರಿಂದ ಚರ್ಮ, ಮೆದುಳು, ನರ, ಒಂದ್ರಿಂದ ಹೃದಯ, ಮೂಳೆ, ರಕ್ತ, ಇನ್ನೊಂದ್ರಿಂದ ಕರುಳು, ಶ್ವಾಸಕೋಶ. ಹೃದಯ ಆಗೋ ಕೊಳವೆ ಮೊದಲ ಸಲ ಮಿಡಿಯೋದು ಸುಮಾರು 22ನೇ ದಿನ. ನಿಮ್ಮ ಸ್ಕ್ಯಾನ್ ಆಗಿದ್ದು 20ನೇ ದಿನ. ಇನ್ನೂ ಶುರುವೇ ಆಗದ ಬಡಿತಾನ ಇಲ್ಲ ಅಂತ ಬರೆದು ನಿಮ್ಮ ಕೈಗೆ ಕೊಟ್ಟಿದಾರೆ, ನೀವು ಅದನ್ನ ಇಟ್ಕೊಂಡು ರಾತ್ರಿಯೆಲ್ಲಾ ಅತ್ತಿದೀರಿ, ನಂಗೆ ಇದಕ್ಕೇ ಹೊಟ್ಟೆ ಉರಿಯೋದು. ಮಗು ಆವತ್ತು ಸಾಸಿವೆ ಕಾಳಿನಷ್ಟು ಇದ್ದಿರಬಹುದು ಅಷ್ಟೇ.

ಹೋದ ತಿಂಗಳು ಇದೇ ಥರ ಒಬ್ಬಾಕೆ ನನ್ನ ಓಪಿಡಿಗೆ ಬಂದಿದ್ರು, ಹಾಲಿನ ಲೆಕ್ಕ ಬರೆಯೋ ಕ್ಯಾಲೆಂಡರ್ ಹಾಳೇನೇ ಹರ್ಕೊಂಡು ಬಂದು, ಅದ್ರಲ್ಲಿ ಮುಟ್ಟಾದ ದಿನಕ್ಕೆ ಕುಂಕುಮದ ಬೊಟ್ಟು. ಆ ಹಾಳೆ ಮೇಲೇ ಪೆನ್ಸಿಲಲ್ಲಿ ದಿನ ಎಣಿಸಿ ತೋರಿಸ್ದೆ. ನೀವೂ ಮುಂದಿನ ಸಲ ಹೋಗುವಾಗ ಮುಟ್ಟಿನ ತಾರೀಖಿನ ಜೊತೆ ನಂದು 35 ದಿನದ ಸೈಕಲ್ ಅಂತ ಬಾಯಿಬಿಟ್ಟು ಹೇಳಿ, ಕೇಳದಿದ್ರೂ ಹೇಳಿ.

ಈಗ ಮಾಡ್ಬೇಕಾದ್ದು ಏನಪ್ಪಾ ಅಂದ್ರೆ, ಆ ಸ್ಕ್ಯಾನಿಂದ ಎರಡು ವಾರ ಬಿಟ್ಟು ಇನ್ನೊಂದು ಸ್ಕ್ಯಾನ್, ಆಗೋದಾದ್ರೆ ಯೋನಿ ಮೂಲಕ ಮಾಡೋದು, ಅದ್ರಲ್ಲಿ ಹೊಟ್ಟೆ ಮೇಲಿಂದ ನೋಡೋದಕ್ಕಿಂತ ಬೇಗ ಕಾಣತ್ತೆ, ಮಗುವಿಗೆ ಏನೂ ಆಗಲ್ಲ, ಅದು ಎಕ್ಸ್‌ರೇ ಅಲ್ಲ, ಶಬ್ದದ ಅಲೆ. ಸ್ಯಾಕ್ 25 ಎಂಎಂ ಆದ್ರೂ ಒಳಗೆ ಮಗು ಇಲ್ಲ, ಇಲ್ಲಾ ಮಗು 7 ಎಂಎಂ ಉದ್ದ ಆದ್ರೂ ಬಡಿತ ಇಲ್ಲ ಅಂದ್ರೆ ಮಾತ್ರ ಒಂದೇ ಸ್ಕ್ಯಾನ್ ನೋಡಿ ಬೆಳವಣಿಗೆ ನಿಂತಿದೆ ಅಂತ ನಾವು ಹೇಳೋದು. ನಿಮ್ಮದು 5 ಎಂಎಂ!

ಮೆಡಿಕಲ್ ಶಾಪಿನ ಮಾತ್ರೆ ಬೇಡ ಅಂದಿದ್ದಕ್ಕೆ ಇನ್ನೊಂದು ಕಾರಣಾನೂ ಇದೆ. ಸ್ಯಾಕ್ ಒಳಗೆ ಏನೂ ಕಾಣದೆ ಇರುವಾಗ ಬಸಿರು ಟ್ಯೂಬಲ್ಲಿ ನಿಂತಿದೆಯಾ ಅನ್ನೋದನ್ನೂ ನಾವು ತಲೇಲಿ ಇಟ್ಕೊಂಡಿರ್ತೀವಿ, ಹಾಗಿದ್ರೆ ಆ ಮಾತ್ರೆ ಕೆಲಸ ಮಾಡಲ್ಲ, ಒಳಗೇ ಟ್ಯೂಬ್ ಒಡೆದು ಜೀವಕ್ಕೆ ಕುತ್ತು ಬರಬಹುದು. ಹೊಟ್ಟೆಯ ಒಂದೇ ಪಕ್ಕ ಜೋರು ನೋವು, ಭುಜದ ತುದೀಲಿ ನೋವು, ತಲೆ ಸುತ್ತಿ ಬೀಳೋದು, ಜಾಸ್ತಿ ಬ್ಲೀಡಿಂಗ್, ಇದ್ರಲ್ಲಿ ಒಂದು ಬಂದ್ರೂ ಎರಡು ವಾರ ಅಂತ ಕಾಯ್ಬೇಡಿ, ರಾತ್ರಿ ಎರಡು ಗಂಟೆ ಆದ್ರೂ ಆಸ್ಪತ್ರೆಗೆ ಹೋಗಿ.

ಫೋಲಿಕ್ ಆಸಿಡ್ ತಗೋತಿದೀರಾ? ಬರೆದಿಲ್ಲ ನೀವು. ತಗೋತಿಲ್ಲ ಅಂದ್ರೆ ಇವತ್ತೇ ಶುರು ಮಾಡಿ, ದಿನಕ್ಕೆ 400 ಮೈಕ್ರೋಗ್ರಾಂ, ಯಾಕಂದ್ರೆ ಮಗುವಿನ ಮೆದುಳು ಬೆನ್ನುಹುರಿ ಆಗೋ ಕೊಳವೆ ಮಗುವಿನ ವಯಸ್ಸಿನ 28ನೇ ದಿನದ ಹೊತ್ತಿಗೆಲ್ಲಾ ಮುಚ್ಕೊಂಡುಬಿಡತ್ತೆ. ಸಕ್ಕರೆ ಕಾಯಿಲೆ, ಫಿಟ್ಸ್ ಮಾತ್ರೆ ಏನಾದ್ರೂ ಇದ್ರೆ ಡೋಸ್ ಬೇರೆ, ಡಾಕ್ಟ್ರನ್ನ ಕೇಳಿ. ಊರಿನ ಆಶಾ ಕಾರ್ಯಕರ್ತೆಗೆ ಹೇಳಿ ತಾಯಿ ಕಾರ್ಡನ್ನೂ ಮಾಡಿಸ್ಕೊಳ್ಳಿ.

ವಾಂತಿ ಇಲ್ಲ ಅನ್ನೋದು ದೊಡ್ಡ ವಿಷಯ ಅಲ್ಲ. ಸಾಮಾನ್ಯವಾಗಿ ಓಕರಿಕೆ ಶುರುವಾಗೋದೇ ಮುಟ್ಟಿನ ಲೆಕ್ಕದ ಆರನೇ ವಾರದ ಹತ್ರ, ಇನ್ನೊಂದು ವಾರಕ್ಕೆ ಒಗ್ಗರಣೆ ವಾಸನೆಗೆ ಅಡುಗೆಮನೆಯಿಂದ ಓಡಿ ಬರ್ಬಹುದು, ಬರದೇನೂ ಇರ್ಬಹುದು, ಒಂದ್ಸಲಾನೂ ವಾಂತಿ ಮಾಡದೆ ಹೆತ್ತವರು ಎಷ್ಟೋ ಜನ ಇದಾರೆ.

ಇನ್ನು ಶಿವಮೊಗ್ಗ ಬಸ್ಸು. ಮುಂದಿನ ಸ್ಕ್ಯಾನಲ್ಲೂ ಬಡಿತ ಸಿಗದೇ ಇರೋ ಸಾಧ್ಯತೆ ಇದ್ದೇ ಇದೆ, ಇಲ್ಲ ಅಂತ ನಾನು ಸುಳ್ಳು ಹೇಳಲ್ಲ, ಆದ್ರೆ ಹಾಗಾದ್ರೂ ಅದು ಬಸ್ಸಿಂದ ಅಲ್ಲ, ಬಿಂದಿಗೆ ಎತ್ತಿದ್ರಿಂದಾನೂ ಅಲ್ಲ. ಶುರುವಲ್ಲೇ ಹೋಗ್ಬಿಡೋ ಬಸಿರುಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಕಾರಣ ಕ್ರೋಮೋಸೋಮ್ (ಕಣದೊಳಗೆ ವಂಶದ ಗುಣ ಹೊತ್ತಿರೋ ಎಳೆ) ಏರುಪೇರು, ಅದು ಕಣ ಕೂಡೋ ಹೊತ್ತಲ್ಲೇ ಆಗಿ ಹೋಗಿರತ್ತೆ. ಮನೇಲಿ ಯಾರಾದ್ರೂ ಬಸ್ಸಿನ ಮಾತೆತ್ತಿದ್ರೆ ಈ ಉತ್ತರಾನೇ ಓದಿ ಹೇಳಿ. ಎರಡನೇ ಸ್ಕ್ಯಾನ್ ಆದ್ಮೇಲೆ ಸ್ಯಾಕ್ ಎಷ್ಟು ಎಂಎಂ, ಮಗು ಎಷ್ಟು ಎಂಎಂ ಅಂತ ನೋಡ್ಕೊಂಡು ನಂಗೆ ಮತ್ತೆ ಬರೀರಿ, ನಾನು ಕಾಯ್ತಿರ್ತೀನಿ.