ಕೊನೆಯ ಅಧ್ಯಾಯಗಳಿಗೆ ಬಂದು ನಿಂತ ಕಾದಂಬರಿ

ಪ್ರಶ್ನೆ: ಕಾದಂಬರಿಯ ಕರಡಿಗೆ ಇನ್ನೆರಡೇ ಅಧ್ಯಾಯ ಬಾಕಿ. ಬೆಳಗ್ಗೆ ಕೂತರೆ ಹಳೇ ಪುಟ ತಿದ್ದುವುದರಲ್ಲೇ ಹೊತ್ತು ಹೋಗುತ್ತದೆ. ಅರ್ಧ ಭಾಗ ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನಲ್ಲಿದೆ, ಉಳಿದದ್ದು ಯೂನಿಕೋಡಿನಲ್ಲಿ (ಪ್ರತಿ ಲಿಪಿಗೂ ತನ್ನದೇ ಸಂಕೇತಗಳಿರುವ ಈಗಿನ ವ್ಯವಸ್ಥೆ). ಏನು ಮಾಡಲಿ?
– ಓದುಗರು, ಶಿರಸಿ

ಉತ್ತರ: ತಿದ್ದುವುದನ್ನು ನಿಲ್ಲಿಸಿ. ಕೊನೆ ಬರೆದಾದ ಮೇಲೆ ಆರಂಭವನ್ನು ಹೇಗೂ ಬದಲಿಸಬೇಕಾಗುತ್ತದೆ. ಹಿಂದಿನ ದಿನದ ಒಂದು ಪುಟವನ್ನಷ್ಟೇ ಓದಿ ಮುಂದುವರಿಯಿರಿ. ಹಳೆಯದರಲ್ಲಿ ಕಂಡ ತಪ್ಪನ್ನು ಅಧ್ಯಾಯದ ಸಂಖ್ಯೆ ಸಹಿತ ಬೇರೆ ಪುಸ್ತಕದಲ್ಲಿ ಗುರುತಿಸಿಟ್ಟುಕೊಳ್ಳಿ. ದಿನಕ್ಕೆ 400 ಪದ ಧಾರಾಳ. ಮುಂದಿನ ಮಾತು ಏನೆಂದು ಗೊತ್ತಿರುವಾಗಲೇ ಎದ್ದುಬಿಡಿ, ಮರುದಿನ ಕೂರುವುದು ಸುಲಭ.

ಫೈಲಿನ ತೊಡಕು ಇದಕ್ಕಿಂತ ದೊಡ್ಡದು. ಮೂಲದ ನಕಲನ್ನು ಪೆನ್‌ಡ್ರೈವಿಗೂ ಇಮೇಲಿಗೂ ಹಾಕಿಟ್ಟು, ಅಧ್ಯಾಯ ಅಧ್ಯಾಯವಾಗಿ ಯೂನಿಕೋಡಿಗೆ ಪರಿವರ್ತಿಸಿ. ನುಡಿಯ ಆ ಹಳೆಯ, ‘ಆಸ್ಕಿ’ ಎಂದು ಕರೆಯುವ ಬಗೆಯ ಫಾಂಟಿನಲ್ಲಿ ಕನ್ನಡಕ್ಕೂ ಇಂಗ್ಲಿಷಿಗೂ ಒಂದೇ ಸಂಕೇತಗಳು. ಹಾಗಾಗಿ ನಡುವೆ ಬಂದ ಇಂಗ್ಲಿಷ್ ಪದಗಳು ಅರ್ಥವಿಲ್ಲದ ಕನ್ನಡ ಅಕ್ಷರಗಳಾಗುತ್ತವೆ; ಅವನ್ನು ಮೊದಲೇ ಕನ್ನಡ ಲಿಪಿಯಲ್ಲಿ ಬರೆದುಬಿಡಿ. ಅರ್ಕಾವತ್ತು, ಒತ್ತಕ್ಷರ, ಉದ್ಧರಣ ಚಿಹ್ನೆಗಳು ಹೆಚ್ಚು ಕೆಡುವ ಜಾಗ. ಪಾತ್ರಗಳ ಹೆಸರನ್ನು ಮೂಲ ಫೈಲಿನಲ್ಲೂ ಪರಿವರ್ತಿಸಿದ ಫೈಲಿನಲ್ಲೂ ಹುಡುಕಿ, ಎಷ್ಟು ಸಲ ಬಂದಿದೆ ಎಂದು ಹೋಲಿಸಿ. ಲೆಕ್ಕ ತಪ್ಪಿದರೆ ಎಲ್ಲೋ ಅಕ್ಷರ ಒಡೆದಿದೆ.

ಕರಡು ಮುಗಿದ ಮೇಲೆ ಎರಡು ವಾರ ಮುಟ್ಟಬೇಡಿ. ಆಮೇಲೆ ಎ4 ಹಾಳೆಯ ಒಂದೇ ಬದಿಗೆ, 14 ಪಾಯಿಂಟಿನಲ್ಲಿ ಮುದ್ರಿಸಿ ಗಟ್ಟಿಯಾಗಿ ಓದಿ. ಸಂಭಾಷಣೆಯ ತೊಡರು ಕಿವಿಗೇ ಮೊದಲು ಸಿಗುವುದು.