ಹಕ್ಕಿ ಕೋಸ್ಟರ್ ಬಟ್ಟಲಾಗುವುದೇಕೆ?

ಲೋಟದ ಕೆಳಗಿಡುವ ಹಕ್ಕಿಯಾಕಾರದ ಕೋಸ್ಟರನ್ನು ಕ್ರೋಶಾದಲ್ಲಿ, ಅಂದರೆ ಕೊಕ್ಕೆ ಕಡ್ಡಿಯಿಂದ, ಹೆಣೆಯುತ್ತಿರುವ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಬಾರಿಯ ಉತ್ತರ.

ಪ್ರಶ್ನೆ: ಬ್ರಿಟಿಷ್ ಪುಸ್ತಕವೊಂದರ ವಿನ್ಯಾಸ ನೋಡಿಕೊಂಡು ದುಂಡು ಹಕ್ಕಿ ಹೆಣೆಯುತ್ತಿದ್ದೇನೆ. ದಾರದ ತುದಿ ಎಳೆದು ಬಿಗಿಸುವ ಆರಂಭದ ಕುಣಿಕೆಯಾದ ಮ್ಯಾಜಿಕ್ ರಿಂಗ್‌ನಲ್ಲಿ ಆರು ಡಬಲ್ ಕ್ರೋಶಾ, ನಂತರ ಪ್ರತಿ ಸುತ್ತಿಗೂ ಆರು ಹೆಚ್ಚಿಸಿ ಎಂದಿದೆ. ಹಾಗೆಯೇ ಮಾಡಿದರೂ ನಾಲ್ಕನೆಯ ಸುತ್ತಿಗೆ ಹಕ್ಕಿಯ ಮೈ ಬಟ್ಟಲಿನಂತೆ ಎದ್ದು ನಿಲ್ಲುತ್ತದೆ. ನನ್ನ ಕೈ ಬಿಗಿಯಾಯಿತೇ?

ಕೈಯನ್ನು ದೂರುವ ಮೊದಲು ಒಂದು ವಿಷಯ ಗಮನಿಸಿ. ಹೊಲಿಗೆಯೊಳಗೆ ಕಡ್ಡಿ ತೂರಿಸುವ ಮುಂಚೆ ನೀವು ದಾರವನ್ನು ಕಡ್ಡಿಗೆ ಒಮ್ಮೆ ಸುತ್ತಿಕೊಳ್ಳುತ್ತಿದ್ದೀರಾ? ಹೌದಾದರೆ ತೊಂದರೆ ಅಲ್ಲೇ ಇದೆ. ಅದು ಅಮೆರಿಕದ ಕ್ರಮದ ಡಬಲ್ ಕ್ರೋಶಾ. ಬ್ರಿಟಿಷ್ ವಿನ್ಯಾಸಗಳಲ್ಲಿ ಡಬಲ್ ಕ್ರೋಶಾ ಎಂದರೆ ಅಮೆರಿಕದವರ ಸಿಂಗಲ್ ಕ್ರೋಶಾ: ಕಡ್ಡಿಯನ್ನು ನೇರವಾಗಿ ತೂರಿಸಿ, ದಾರ ಎಳೆದು, ಇನ್ನೊಮ್ಮೆ ದಾರ ಹಿಡಿದು ಎರಡೂ ಕುಣಿಕೆಗಳಿಂದ ಹೊರತರುವ ಗಿಡ್ಡ ಹೊಲಿಗೆ. ವಿನ್ಯಾಸ ಯಾವ ದೇಶದ್ದೆಂಬ ಅನುಮಾನ ಬಂದರೆ ಅದರಲ್ಲಿ ಸಿಂಗಲ್ ಕ್ರೋಶಾ ಎಂಬ ಹೆಸರಿದೆಯೇ ಎಂದು ಹುಡುಕಿ. ಇದ್ದರೆ ಅದು ಅಮೆರಿಕದ ಕ್ರಮದ್ದು. ಈ ಉತ್ತರದಲ್ಲಿ ಮುಂದೆ ಬಳಸುವುದು ಅಮೆರಿಕದ ಹೆಸರುಗಳನ್ನೇ.

ಹೊಲಿಗೆ ಬದಲಾದ ಮಾತ್ರಕ್ಕೆ ಬಟ್ಟಲು ಏಕಾಗಬೇಕು? ಪ್ರತಿ ಸುತ್ತು ಮುಗಿದಾಗ ವೃತ್ತದ ತ್ರಿಜ್ಯ ಒಂದು ಹೊಲಿಗೆಯ ಎತ್ತರದಷ್ಟು ಬೆಳೆಯುತ್ತದೆ. ಹಾಗಾದಾಗ ಪರಿಧಿ ಆ ಎತ್ತರದ 6.28 ಪಟ್ಟು, ಅಂದರೆ ಎರಡು ಪೈಯಷ್ಟು, ಬೆಳೆಯಲೇಬೇಕು. ಸಿಂಗಲ್ ಕ್ರೋಶಾದ ಎತ್ತರವೂ ಅಗಲವೂ ಹೆಚ್ಚುಕಡಿಮೆ ಸಮ. ಆದ್ದರಿಂದ ಸುತ್ತಿಗೆ ಆರು ಹೊಲಿಗೆ ಸೇರಿಸಿದರೆ ಲೆಕ್ಕ ಸರಿಹೋಗುತ್ತದೆ. ಡಬಲ್ ಕ್ರೋಶಾ ಸುಮಾರು ಅದರ ಎರಡರಷ್ಟು ಎತ್ತರ. ಅದಕ್ಕೆ ಹನ್ನೆರಡು ಬೇಕು. ನೀವು ಕೊಟ್ಟದ್ದು ಆರು. ಅಂಚಿಗೆ ಹರಡಿಕೊಳ್ಳಲು ಜಾಗ ಸಾಲದೆ ಅದು ಮೇಲೆದ್ದಿದೆ. ಇದಕ್ಕೆ ವಿರುದ್ಧವಾಗಿ ಹೊಲಿಗೆ ಹೆಚ್ಚಾದರೆ ಅಂಚು ಅಲೆಅಲೆಯಾಗುತ್ತದೆ. ಈ ಲೆಕ್ಕ ಮನಸ್ಸಿನಲ್ಲಿದ್ದರೆ ಯಾವ ವಿನ್ಯಾಸ ಕೈಗೆ ಬಂದರೂ ತಪ್ಪು ಎಲ್ಲಾಯಿತೆಂದು ನೀವೇ ಹಿಡಿಯಬಲ್ಲಿರಿ.

ಸಿಂಗಲ್ ಕ್ರೋಶಾದಲ್ಲೇ ಹೆಣೆದರೂ ಮೈ ಮೇಲೇಳುತ್ತಿದ್ದರೆ ಆಗ ಕೈಯ ಬಿಗಿ ಕಾರಣವಿರಬಹುದು. ಈಗಿನದಕ್ಕಿಂತ ಅರ್ಧ ಮಿಲಿಮೀಟರ್ ಹೆಚ್ಚು ದಪ್ಪದ ಕಡ್ಡಿಗೆ ಬದಲಿಸಿ ನೋಡಿ.

ಇನ್ನೊಂದು ಮಾತು. ಹೆಚ್ಚಿಸುವ ಹೊಲಿಗೆಗಳು, ಅಂದರೆ ಒಂದೇ ಹೊಲಿಗೆಯಲ್ಲಿ ಎರಡು ಹಾಕುವಂಥವು, ಪ್ರತಿ ಸುತ್ತಿನಲ್ಲೂ ಒಂದರ ಮೇಲೊಂದು ಬಂದರೆ ವೃತ್ತ ಷಟ್ಕೋನವಾಗುತ್ತದೆ, ಹಕ್ಕಿಯ ಹೊಟ್ಟೆಗೆ ಮೂಲೆಗಳು ಮೂಡುತ್ತವೆ. ನಾಲ್ಕನೆಯ ಸುತ್ತಿನಲ್ಲಿ ಎರಡು ಹೊಲಿಗೆಯ ನಂತರ ಹೆಚ್ಚಿಸುವ ಬದಲು ಮೊದಲು ಒಂದೇ ಹೊಲಿಗೆ ಹಾಕಿ ಹೆಚ್ಚಿಸಿ, ಆಮೇಲೆ ಎಂದಿನಂತೆ ಎರಡೆರಡರ ನಂತರ ಐದು ಸಲ ಹೆಚ್ಚಿಸಿ, ಕೊನೆಯಲ್ಲಿ ಉಳಿದ ಒಂದನ್ನು ಹಾಕಿ. ಒಟ್ಟು ಇಪ್ಪತ್ತನಾಲ್ಕೇ, ಆದರೆ ಹೆಚ್ಚಳದ ಜಾಗ ಪಕ್ಕಕ್ಕೆ ಸರಿದಿರುತ್ತದೆ. ಒಂದು ಸುತ್ತು ಬಿಟ್ಟು ಒಂದು ಸುತ್ತಿಗೆ ಹೀಗೆ ಮಾಡಿದರೆ ಮೈ ನಿಜವಾಗಿಯೂ ದುಂಡಗಾಗುತ್ತದೆ.

ಪ್ರಶ್ನೆ: ಹಕ್ಕಿಗೆ ಬೇರೆಯಾಗಿ ರೆಕ್ಕೆ ಹೆಣೆದು ಮೈಮೇಲೆ ಹೊಲಿದೆ, ಕಣ್ಣಿಗೆ ಗೊಂಬೆಗಳಿಗೆ ಹಾಕುವ ಪ್ಲಾಸ್ಟಿಕ್ ಕಣ್ಣು ಕೂರಿಸಿದೆ. ನೋಡಲು ಬಹಳ ಮುದ್ದಾಗಿದೆ, ಆದರೆ ಲೋಟ ಇಟ್ಟರೆ ವಾಲುತ್ತದೆ. ರೆಕ್ಕೆಯನ್ನು ತೆಳುವಾಗಿಸಿದರೆ ಸಾಕೇ?

ತೆಳುವಾಗಿಸುವುದಲ್ಲ, ತೆಗೆದುಬಿಡಿ. ಪ್ಲಾಸ್ಟಿಕ್ ಕಣ್ಣನ್ನೂ ತೆಗೆಯಿರಿ; ಅದರ ಹಿಂಬದಿಯ ಬಿಲ್ಲೆ ಬಟ್ಟೆಯ ಕೆಳಗೆ ಉಬ್ಬಿ ನಿಲ್ಲುತ್ತದೆ. ಕೋಸ್ಟರ್ ಮೇಲೆ ಬಿಸಿ ಪಾನೀಯ ಬಂದು ಕೂರುತ್ತದೆ. ಅದು ವಾಲುವ ಹಾಗಿದ್ದರೆ ಎಷ್ಟು ಚಂದದ ಹಕ್ಕಿಯಾದರೂ ಬಳಕೆಗೆ ಬಾರದು. ಲೋಟದ ಬುಡ ಕೂರುವ ಜಾಗ ಪೂರ್ತಿ ಸಮತಟ್ಟಾಗಿರಬೇಕು, ಹಕ್ಕಿತನವೆಲ್ಲ ಅದರ ಹೊರಗಿರಬೇಕು. ನಾನು ಕಲಿಸುವಾಗ ಪಟ್ಟು ಹಿಡಿದು ಹೇಳುವುದು ಇದೊಂದನ್ನೇ.

ಮೊದಲು ನಿಮ್ಮ ಲೋಟದ ಬುಡವನ್ನು ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆಯಿರಿ. ಕೋಸ್ಟರಿನ ಮೈ ಆ ಗೆರೆಗಿಂತ ಎಲ್ಲ ಕಡೆಯೂ ಸುಮಾರು ಒಂದು ಸೆಂಟಿಮೀಟರ್ ದೊಡ್ಡದಿರಲಿ. ಮಧ್ಯಮ ದಪ್ಪದ ಹತ್ತಿ ನೂಲು, 4 ಮಿಲಿಮೀಟರ್ ಕಡ್ಡಿ ಹಿಡಿದರೆ ಹತ್ತು ಸುತ್ತಿಗೆ, ಅಂದರೆ ಅರವತ್ತು ಹೊಲಿಗೆಗೆ, ಹತ್ತಿರ ಹತ್ತಿರ 10 ಸೆಂಟಿಮೀಟರ್ ಅಗಲದ ಮೈ ಸಿಗುತ್ತದೆ. ಕೈಯಿಂದ ಕೈಗೆ ಇದು ಸ್ವಲ್ಪ ಬದಲಾಗುತ್ತದೆ.

ಇನ್ನು ಅಲಂಕಾರವೆಲ್ಲ ಅಂಚಿನಲ್ಲಿ. ಕೊಕ್ಕಿಗೆ ಬಣ್ಣದ ದಾರ ಜೋಡಿಸಿ ಮೂರು ಚೈನ್, ಅಂದರೆ ಸರಪಳಿ ಕುಣಿಕೆ, ಹಾಕಿ. ಕಡ್ಡಿಯಿಂದ ಎರಡನೆಯ ಚೈನಿನಲ್ಲಿ ಸಿಂಗಲ್ ಕ್ರೋಶಾ, ಮೂರನೆಯದರಲ್ಲಿ ಹಾಫ್ ಡಬಲ್ (ಸಿಂಗಲ್‌ಗಿಂತ ಎತ್ತರ, ಡಬಲ್‌ಗಿಂತ ಗಿಡ್ಡ) ಹಾಕಿ, ಅಂಚಿನ ಒಂದು ಹೊಲಿಗೆ ಬಿಟ್ಟು ಮುಂದಿನದಕ್ಕೆ, ಎತ್ತರವಿಲ್ಲದ ಜೋಡಣೆ ಹೊಲಿಗೆಯಾದ ಸ್ಲಿಪ್ ಸ್ಟಿಚ್‌ನಿಂದ ಸೇರಿಸಿ. ತುದಿ ಚೂಪು, ಬುಡ ಅಗಲ: ಕೊಕ್ಕು ಸಿದ್ಧ. ಬಾಲಕ್ಕೆ ಎದುರು ಬದಿಯಲ್ಲಿ ಏಳು ಚೈನ್ ಹಾಕಿ, ಎರಡನೆಯದರಿಂದ ಆರು ಸಿಂಗಲ್ ಕ್ರೋಶಾ ಹೆಣೆಯುತ್ತ ಹಿಂತಿರುಗಿ, ಅಂಚಿನ ಮುಂದಿನ ಹೊಲಿಗೆಗೆ ಸೇರಿಸಿ. ಇಂಥ ಮೂರು ಗರಿಗಳು ಪಕ್ಕಪಕ್ಕ ಬಂದರೆ ಸಾಕು. ರೆಕ್ಕೆ ಬೇಕೇ ಬೇಕೆನಿಸಿದರೆ ಬೆನ್ನಿನ ಅಂಚಿನ ಒಂದೇ ಹೊಲಿಗೆಯಲ್ಲಿ ಆರೇಳು ಡಬಲ್ ಕ್ರೋಶಾ ಹಾಕಿ, ಎರಡೂ ಬದಿಯಲ್ಲಿ ಎರಡೆರಡು ಹೊಲಿಗೆ ಬಿಟ್ಟು ಸ್ಲಿಪ್ ಸ್ಟಿಚ್‌ನಿಂದ ಭದ್ರಪಡಿಸಿ. ಹಾರಲು ಬಿಚ್ಚಿದ ರೆಕ್ಕೆ ಹೊರಗೆ ಚಾಚಿಕೊಳ್ಳುತ್ತದೆ.

ಕಣ್ಣು ಕೊನೆಯಿಂದ ಎರಡನೆಯ ಸುತ್ತಿನಲ್ಲಿ, ಕೊಕ್ಕಿನ ಬುಡಕ್ಕಿಂತ ತುಸು ಮೇಲೆ ಬರಲಿ. ಸೂಜಿಗೆ ಕಪ್ಪು ದಾರ ಎರಡು ಸುತ್ತು ಸುತ್ತಿ ಹಾಕುವ ಫ್ರೆಂಚ್ ನಾಟ್ ಎಂಬ ಗಂಟು ಹೊಲಿಗೆ ಸಾಕು. ಕಣ್ಣನ್ನು ಅರ್ಧ ಸೆಂಟಿಮೀಟರ್ ಆಚೀಚೆ ಸರಿಸಿದರೂ ಹಕ್ಕಿಯ ಮುಖಭಾವವೇ ಬದಲಾಗುತ್ತದೆ. ಅದಕ್ಕೆ ಮೊದಲು ಗುಂಡುಪಿನ್ ಚುಚ್ಚಿ, ತೋಳಿನಷ್ಟು ದೂರ ಹಿಡಿದು ನೋಡಿ, ಒಪ್ಪಿಗೆಯಾದ ಮೇಲೆ ಸೂಜಿ ಹಾಕಿ.

ಪ್ರಶ್ನೆ: ಮನೆಯಲ್ಲಿ ಅಕ್ರಿಲಿಕ್ ದಾರ ಬೇಕಾದಷ್ಟಿದೆ. ಅದನ್ನೇ ಬಳಸಬಹುದೇ? ತಣ್ಣನೆಯ ಲೋಟ ಎತ್ತಿದಾಗ ಕೋಸ್ಟರ್ ಅಂಟಿಕೊಂಡು ಬಂದು ಆಮೇಲೆ ಕೆಳಗೆ ಬೀಳುತ್ತದೆ, ಅದಕ್ಕೇನು ಮಾಡಲಿ?

ಅಕ್ರಿಲಿಕ್ ಬೇಡ. ಅದು ನೀರು ಹೀರುವುದು ತೀರಾ ಕಡಿಮೆ, ಜೊತೆಗೆ ಬಿಸಿಗೆ ಮೆತ್ತಗಾಗಿ ಆಕಾರ ಕೆಡುತ್ತದೆ. ಹತ್ತಿ ನೂಲು ನೀರನ್ನೂ ಹೀರುತ್ತದೆ, ಬಿಸಿಯನ್ನೂ ತಾಳುತ್ತದೆ. ಒದ್ದೆಯಾದಾಗ ಹತ್ತಿಯ ಎಳೆ ಒಣಗಿದ್ದಾಗಿಗಿಂತ ಗಟ್ಟಿಯಾಗುತ್ತದೆ, ಆದ್ದರಿಂದ ಪದೇ ಪದೇ ತೊಳೆದರೂ ಭಯವಿಲ್ಲ. ಮೊದಲ ತೊಳೆತಕ್ಕೆ ಕೊಂಚ ಕುಗ್ಗಬಹುದು, ಅಳತೆ ಇಡುವಾಗ ಅದು ನೆನಪಿರಲಿ.

ಅಂಟಿಕೊಳ್ಳುವುದು ನೀರಿನ ಕೆಲಸ. ಲೋಟದ ನುಣುಪು ಬುಡಕ್ಕೂ ಒದ್ದೆಯಾದ ಬಟ್ಟೆಗೂ ನಡುವೆ ನೀರಿನ ಪೊರೆ ನಿಂತು ಎರಡನ್ನೂ ಹಿಡಿದಿಡುತ್ತದೆ. ಮೈಯನ್ನು ಹೆಣೆಯುವಾಗ ಹೊಲಿಗೆಯ ಹಿಂದಿನ ಎಳೆಯನ್ನು ಮಾತ್ರ ಹಿಡಿದು ಹೆಣೆಯಿರಿ. ಮುಂದಿನ ಎಳೆಗಳು ಸಣ್ಣ ಏಣುಗಳಾಗಿ ಉಳಿದು, ಲೋಟ ಅವುಗಳ ಮೇಲೆ ಕೂರುತ್ತದೆ, ಪೊರೆ ಒಂದೇ ಹಾಸಾಗಿ ನಿಲ್ಲುವುದಿಲ್ಲ. ಈ ಏಣುಗಳು ಎಲ್ಲೆಡೆ ಒಂದೇ ಎತ್ತರದಲ್ಲಿರುವುದರಿಂದ ಲೋಟ ವಾಲುವುದೂ ಇಲ್ಲ.

ಪ್ರಶ್ನೆ: ಬಾಲದ ಗರಿಗಳು ಸುರುಳಿ ಸುತ್ತಿಕೊಳ್ಳುತ್ತವೆ. ಗಂಜಿ ಹಾಕಲೇ?

ಮೊದಲು ನೀರಿನಲ್ಲೇ ಪ್ರಯತ್ನಿಸಿ. ಕೋಸ್ಟರನ್ನು ಪೂರ್ತಿ ಒದ್ದೆ ಮಾಡಿ, ಹಿಂಡದೆ ಟವೆಲ್ಲಿನ ನಡುವೆ ಒತ್ತಿ ನೀರು ತೆಗೆದು, ದಪ್ಪ ಬಟ್ಟೆಯ ಮೇಲೆ ಹರಡಿ. ಪ್ರತಿ ಗರಿಯ ತುದಿಗೂ ಕೊಕ್ಕಿನ ತುದಿಗೂ ತುಕ್ಕು ಹಿಡಿಯದ ಪಿನ್ ಚುಚ್ಚಿ, ಚೆನ್ನಾಗಿ ಒಣಗುವವರೆಗೆ ಮುಟ್ಟಬೇಡಿ. ಬಹುಪಾಲು ಸುರುಳಿ ಇಷ್ಟಕ್ಕೇ ಬಿಚ್ಚಿಕೊಳ್ಳುತ್ತದೆ. ಆಗಲೂ ಸುತ್ತಿಕೊಂಡರೆ ಆರಂಭದ ಚೈನ್ ಬಿಗಿಯಾಗಿದೆ ಎಂದರ್ಥ. ಚೈನನ್ನು ಮಾತ್ರ ಒಂದು ಅಳತೆ ದಪ್ಪ ಕಡ್ಡಿಯಲ್ಲಿ ಹಾಕಿ ಮತ್ತೆ ಹೆಣೆಯಿರಿ. ಗಂಜಿಯನ್ನು ಬಾಲಕ್ಕೂ ಕೊಕ್ಕಿಗೂ ತೆಳ್ಳಗೆ ಸವರಬಹುದು. ಮೈಗೆ ಹಾಕಬೇಡಿ, ಒದ್ದೆಯಾದಾಗ ಅಂಟಂಟಾಗುತ್ತದೆ.

ಪ್ರಶ್ನೆ: ಬಿಳಿ ಹಕ್ಕಿಗೆ ಕೆಂಪು ಕೊಕ್ಕು ಹಾಕಬಹುದೇ?

ಹಾಕಬಹುದು. ಆದರೆ ಕೆಂಪು ನೂಲಿನ ಒಂದು ತುಂಡನ್ನು ಒದ್ದೆ ಮಾಡಿ ಬಿಳಿ ಬಟ್ಟೆಯಲ್ಲಿ ಸುತ್ತಿ, ಅದರ ಮೇಲೆ ಬಿಸಿ ಲೋಟವನ್ನು ಸ್ವಲ್ಪ ಹೊತ್ತು ಇಟ್ಟು ನೋಡಿ. ಬಟ್ಟೆಗೆ ಬಣ್ಣ ಹತ್ತಿದರೆ ಆ ನೂಲನ್ನು ಬಿಡಿ, ಇಲ್ಲವೇ ಹಕ್ಕಿಯ ಮೈಗೂ ಗಾಢ ಬಣ್ಣ ಆರಿಸಿಕೊಳ್ಳಿ.