ಮೂರು ವಿಭಾಗ, ಮೂರು ಲೆಕ್ಕ: ಯಾವುದನ್ನು ನಂಬೋದು?

ಪ್ರಶ್ನೆ: ಬಿಸ್ಕತ್ತು ತಯಾರಿಸುವ ಕಂಪನಿಯೊಂದರ ಉತ್ಪಾದನೆಯ ಉಸ್ತುವಾರಿ ನನ್ನದು. ನಮಗೆ ಎರಡು ಘಟಕಗಳಿವೆ. ಉತ್ಪಾದನೆಯವರು ಎಕ್ಸೆಲ್ ಶೀಟಿನಲ್ಲಿ ಬರೆಯುತ್ತಾರೆ, ಗೋದಾಮಿನವರಿಗೆ ಬೇರೆ ಸಾಫ್ಟ್‌ವೇರ್, ಅಕೌಂಟ್ಸ್‌ನವರಿಗೆ ಇನ್ನೊಂದು. ತಿಂಗಳ ಮೀಟಿಂಗಿನಲ್ಲಿ ಮೊದಲ ಅರ್ಧ ಗಂಟೆ ಯಾರ ಅಂಕಿ ಸರಿ ಅನ್ನುವ ಜಗಳಕ್ಕೇ ಹೋಗುತ್ತದೆ. ಇಳುವರಿ ಶೇ 97.5 ಅಂತ ಒಬ್ಬರು, ಶೇ 77 ಅಂತ ಇನ್ನೊಬ್ಬರು. ಎಲ್ಲ ಡೇಟಾ ಒಂದೇ ಕಡೆ ತಂದು ಡ್ಯಾಶ್‌ಬೋರ್ಡ್ ಮಾಡಿಸಿದರೆ ಇದು ನಿಲ್ಲುತ್ತದಾ?

ಉತ್ತರ: ಸುಮ್ನೆ ಒಂದೇ ಕಡೆ ತಂದರೆ ನಿಲ್ಲುವುದಿಲ್ಲ. ಮೂರು ಶೀಟಿನಲ್ಲಿದ್ದ ಜಗಳ ಒಂದೇ ಪರದೆಯ ಮೇಲೆ, ಬಣ್ಣ ಬಣ್ಣದ ಚಾರ್ಟಿನಲ್ಲಿ ಕಾಣಿಸುತ್ತದೆ ಅಷ್ಟೆ.

ನಿಮ್ಮ 97.5 ಮತ್ತು 77 ಎರಡೂ ಸರಿಯೇ ಇರಬಹುದು. ಒಂದು ಶಿಫ್ಟಿನ ಲೆಕ್ಕ ಹಾಕಿ ನೋಡೋಣ. ಅಂಕಿಗಳು ಉದಾಹರಣೆಗೆ ಹಾಕಿಕೊಂಡವು. ಮಿಕ್ಸರ್‌ನಿಂದ 1000 ಕೆಜಿ ಹಿಟ್ಟು ಹೊರಬಂತು. ಓವನ್‌ನಲ್ಲಿ ನೀರು ಆರಿ 800 ಕೆಜಿ ಬಿಸ್ಕತ್ತು ಆಯಿತು. ಅದರಲ್ಲಿ 20 ಕೆಜಿ ಪುಡಿ, ಮುರುಕು. ಪ್ಯಾಕೆಟ್ಟಿಗೆ ಹೋಗಿದ್ದು 780 ಕೆಜಿ. ಪ್ಯಾಕೆಟ್ ಎಣಿಸಿದರೆ 7700. ಒಂದೊಂದರ ಮೇಲೂ 100 ಗ್ರಾಂ ಅಂತ ಅಚ್ಚಾಗಿದೆ, ಅಂದರೆ ಬಿಲ್ಲಿನ ಪ್ರಕಾರ 770 ಕೆಜಿ.

ಈಗ ಪ್ಯಾಕಿಂಗ್‌ನವರು 800ಕ್ಕೆ 780 ಅಂತ ಶೇ 97.5 ಹೇಳುತ್ತಾರೆ. ಅಕೌಂಟ್ಸ್‌ನವರು 1000ಕ್ಕೆ 770 ಅಂತ ಶೇ 77 ಹೇಳುತ್ತಾರೆ. ಓವನ್ ಹತ್ತಿರ ನಿಂತವರನ್ನು ಕೇಳಿದರೆ ಶೇ 80 ಅಂತಾರೆ. ಸುಳ್ಳು ಹೇಳಿದವರು ಯಾರೂ ಇಲ್ಲ. ಮೂರು ಬೇರೆ ಪ್ರಶ್ನೆಗೆ ಬಂದ ಉತ್ತರಗಳಿಗೆ ಇಳುವರಿ ಅನ್ನುವ ಒಂದೇ ಹೆಸರಿಟ್ಟಿದ್ದೀರಿ, ಎಡವಟ್ಟು ಅಲ್ಲಿದೆ.

780 ಮತ್ತು 770ರ ನಡುವಿನ ಆ 10 ಕೆಜಿ ನೋಡಿದಿರಾ? ಅದು ಎಲ್ಲೂ ಕಳುವಾಗಿಲ್ಲ. ಪ್ರತಿ ಪ್ಯಾಕೆಟ್ಟಿಗೂ ಸುಮಾರು 1.3 ಗ್ರಾಂ ಜಾಸ್ತಿ ತುಂಬಿ ಗಿರಾಕಿಗೆ ಪುಕ್ಕಟೆ ಕೊಟ್ಟಿದ್ದೀರಿ. ಕಡಿಮೆ ತೂಕದ ದೂರು ಬರಬಾರದು ಅಂತ ಸ್ವಲ್ಪ ಜಾಸ್ತಿ ತುಂಬುವುದು ಸರಿಯೇ. ಎಷ್ಟು ಜಾಸ್ತಿ ಅನ್ನುವುದು ಮಾತ್ರ ಯಾರ ಶೀಟಿನಲ್ಲೂ ಇಲ್ಲ, ಯಾಕೆಂದರೆ ಅದು ಎರಡು ವಿಭಾಗಗಳ ನಡುವೆ ಬೀಳುತ್ತದೆ. ಡೇಟಾ ಒಂದೆಡೆ ಸೇರಿಸುವುದರಿಂದ ನಿಜವಾಗಿ ಸಿಗುವ ಲಾಭ ಇಂಥದ್ದು. ಮೀಟಿಂಗಿನ ಜಗಳ ನಿಲ್ಲುವುದು ಎರಡನೆಯ ಮಾತು.

ಹಾಗಾಗಿ ಮೂರರಲ್ಲಿ ಒಂದನ್ನು ಆರಿಸಿ ಉಳಿದವನ್ನು ಬಿಸಾಡಬೇಡಿ. ಪ್ರತಿ ಹಂತಕ್ಕೂ ಬೇರೆ ಹೆಸರಿಡಿ: ಬೇಕಿಂಗ್ ಇಳುವರಿ ಶೇ 80, ಪ್ಯಾಕಿಂಗ್ ಇಳುವರಿ ಶೇ 97.5, ತೂಕದ ಇಳುವರಿ (780ಕ್ಕೆ 770) ಶೇ 98.7. ಮೂರನ್ನೂ ಗುಣಿಸಿ, ಶೇ 77 ಬರುತ್ತದೆ. ಅದೇ ಒಟ್ಟು ಇಳುವರಿ. ಹೀಗೆ ಸರಪಳಿಯಂತೆ ಜೋಡಿಸಿಕೊಂಡರೆ ಯಾವ ಕೊಂಡಿ ಸಡಿಲವಾಗಿದೆ ಅಂತ ತಾನೇ ಗೊತ್ತಾಗುತ್ತದೆ.

ಪ್ರತಿ ಹೆಸರಿಗೂ ಒಂದು ಹಾಳೆ ಬರೆಯಿರಿ. ಯಾವುದನ್ನು ಯಾವುದರಿಂದ ಭಾಗಿಸಬೇಕು, ಯಾವ ತೂಕದ ಯಂತ್ರದ ಅಂಕಿ ತೆಗೆದುಕೊಳ್ಳಬೇಕು, ಈ ಲೆಕ್ಕಕ್ಕೆ ಹೊಣೆ ಯಾರು. ರೀವರ್ಕ್ ಬಗ್ಗೆ, ಅಂದರೆ ಮುರುಕನ್ನು ಮತ್ತೆ ಹಿಟ್ಟಿಗೆ ಬಳಸುವ ಬಗ್ಗೆ, ಮರೆಯದೆ ಬರೆಯಿರಿ. ಆ 20 ಕೆಜಿ ಮುರುಕಿನಲ್ಲಿ 12 ಕೆಜಿ ಮುಂದಿನ ಬ್ಯಾಚಿನ ಹಿಟ್ಟಿಗೆ ವಾಪಸ್ ಹೋಯಿತು ಅನ್ನಿ. ಅದನ್ನು ತಿಂಗಳ ಕಚ್ಚಾ ಮಾಲಿನ ಮೊತ್ತಕ್ಕೆ ಸೇರಿಸಿದರೆ ಒಂದೇ ಮಾಲು ಎರಡು ಸಲ ಲೆಕ್ಕಕ್ಕೆ ಬರುತ್ತದೆ. ಆ ಬ್ಯಾಚಿನ ಲೆಕ್ಕದಿಂದಲೇ ಬಿಟ್ಟರೆ ಇಳುವರಿ ಇದ್ದಕ್ಕಿದ್ದಂತೆ ಚೆನ್ನಾಗಿ ಕಾಣುತ್ತದೆ, ಆ ಶಿಫ್ಟಿನವರು ಬೆನ್ನು ತಟ್ಟಿಸಿಕೊಳ್ಳುತ್ತಾರೆ! ಬ್ಯಾಚ್ ಮಟ್ಟದಲ್ಲಿ ಸೇರಿಸಿ, ತಿಂಗಳ ಮೊತ್ತದಲ್ಲಿ ಕಳೆಯಿರಿ. ಅದಕ್ಕೆ ರೀವರ್ಕ್‌ಗೆ ಪ್ರತ್ಯೇಕ ಕೋಡ್ ಬೇಕೇ ಬೇಕು.

ಇದಾದ ಮೇಲೆ ಐಟಂ ಪಟ್ಟಿಗೆ ಬನ್ನಿ. ಬೇಜಾರಿನ ಕೆಲಸ, ಆದರೆ ಜಾಸ್ತಿ ಸಮಯ ತಿನ್ನುವುದು ಇದೇ. ಹಿಂದೆ ಒಂದು ಕಂಪನಿಯ ಕೆಲಸಕ್ಕೆ ಹೋಗಿದ್ದೆ. ಎರಡು ಘಟಕದ ಮಾರಾಟ ಕೂಡಿಸಿ ವರದಿ ಕೊಟ್ಟ ಮೇಲೆ ಗೊತ್ತಾಯಿತು, ಒಂದು ಕಡೆ ‘ಕೇಸ್’ ಅಂದರೆ 12 ಪ್ಯಾಕೆಟ್, ಇನ್ನೊಂದು ಕಡೆ 24. ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಆವತ್ತಿನಿಂದ ಕೇಸ್, ಟ್ರೇ, ಬಾಕ್ಸ್ ಅನ್ನುವ ಮಾತು ಬಂದ ಕೂಡಲೇ ‘ಒಳಗೆ ಎಷ್ಟು?’ ಅಂತ ಕೇಳುವುದು ಅಭ್ಯಾಸವಾಗಿದೆ. ಲೆಕ್ಕವನ್ನು ಕೆಜಿ ಮತ್ತು ಪ್ಯಾಕೆಟ್‌ನಲ್ಲಿ ಇಡಿ. ಉಳಿದದ್ದೆಲ್ಲ ಅದಕ್ಕೆ ಬದಲಾಗಲಿ. ಒಂದೇ ಸಕ್ಕರೆಗೆ ಎರಡು ಘಟಕದಲ್ಲಿ ನಾಲ್ಕು ಕೋಡ್ ಇದ್ದರೆ ಹಳೆಯ ಕೋಡುಗಳನ್ನು ಅಳಿಸಬೇಡಿ. ‘ಈ ನಾಲ್ಕೂ ಇದೊಂದೇ’ ಅಂತ ಹೇಳುವ ಒಂದು ಹೊಂದಾಣಿಕೆ ಪಟ್ಟಿ ಇಡಿ, ಸಾಕು.

ಆ ಪಟ್ಟಿಯಲ್ಲಿ ತಾರೀಕೂ ಇರಲಿ. 100 ಗ್ರಾಂ ಪ್ಯಾಕೆಟ್ಟನ್ನು ಮುಂದೊಂದು ದಿನ 90 ಗ್ರಾಂ ಮಾಡುತ್ತೀರಿ. ಹಳೆಯ ತೂಕದ ಮೇಲೇ ಹೊಸದನ್ನು ಬರೆದುಬಿಟ್ಟರೆ ಹೋದ ವರ್ಷದ ವರದಿಯೂ ರಾತ್ರೋರಾತ್ರಿ ಶೇ 10 ಕುಗ್ಗುತ್ತದೆ. ಯಾವ ದಿನದಿಂದ ಯಾವ ದಿನದವರೆಗೆ ಯಾವ ತೂಕ ಅಂತ ಎರಡು ಸಾಲು ಇರಬೇಕು. ರೆಸಿಪಿ ಬದಲಾವಣೆಗೂ ಇದೇ ನಿಯಮ.

ಇನ್ನು ‘ದಿನ’ ಅಂದರೆ ಏನು? ನಗಬೇಡಿ. ರಾತ್ರಿ 10ಕ್ಕೆ ಶುರುವಾದ ಶಿಫ್ಟ್ ಬೆಳಿಗ್ಗೆ 6ಕ್ಕೆ ಮುಗಿಯುತ್ತದೆ. ಉತ್ಪಾದನೆಯವರು ಅದನ್ನು ಶುರುವಾದ ದಿನಕ್ಕೆ ಬರೆಯುತ್ತಾರೆ, ಗೋದಾಮಿನ ಸಾಫ್ಟ್‌ವೇರ್ ಗಡಿಯಾರ ನೋಡಿ ಮರುದಿನಕ್ಕೆ ಹಾಕುತ್ತದೆ. ತಿಂಗಳ ಕೊನೆಯ ರಾತ್ರಿ ಈ ಒಂದು ಶಿಫ್ಟಿನಿಂದಲೇ ಲೆಕ್ಕ ತಪ್ಪುತ್ತದೆ. ಯಾವುದಾದರೂ ಒಂದನ್ನು ಹಿಡಿಯಿರಿ, ಆದರೆ ಎಲ್ಲರೂ ಅದನ್ನೇ ಹಿಡಿಯಬೇಕು.

ತಂತ್ರಜ್ಞಾನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೂರೂ ಕಡೆಯಿಂದ ಬಂದ ಡೇಟಾವನ್ನು ಮೊದಲು ಬಂದ ಹಾಗೆಯೇ, ಮುಟ್ಟದೆ ಇಡಿ. ಸರಿಪಡಿಸಿದ ಪ್ರತಿ ಬೇರೆ ಇರಲಿ. ತಪ್ಪು ಸಿಕ್ಕರೆ ಮಧ್ಯದಲ್ಲಿ ತಿದ್ದಬೇಡಿ, ಅದು ಹುಟ್ಟಿದ ಜಾಗದಲ್ಲೇ ತಿದ್ದಿಸಿ. ಇಲ್ಲದಿದ್ದರೆ ಅದೇ ತಪ್ಪನ್ನು ಪ್ರತಿ ತಿಂಗಳೂ ತಿದ್ದುತ್ತಾ ಕೂರುತ್ತೀರಿ. ಮೊದಲು ಒಂದೇ ಉತ್ಪನ್ನ, ಒಂದೇ ವರದಿ ತೆಗೆದುಕೊಳ್ಳಿ. ಎರಡು ತಿಂಗಳು ಹಳೆಯದು, ಹೊಸದು ಎರಡನ್ನೂ ಪಕ್ಕಪಕ್ಕದಲ್ಲಿ ಓಡಿಸಿ. ವ್ಯತ್ಯಾಸ ಬಂದೇ ಬರುತ್ತದೆ. ಪ್ರತಿ ವ್ಯತ್ಯಾಸಕ್ಕೂ ಕಾರಣ ಹೇಳಲು ಬಂದರೆ ಮುಂದಿನ ಉತ್ಪನ್ನಕ್ಕೆ ಹೋಗಿ.

ಪ್ರಶ್ನೆ: ನಮ್ಮದು ಸಣ್ಣ ಸಾಸ್ ಕಾರ್ಖಾನೆ. ಎಲ್ಲವೂ ಎಕ್ಸೆಲ್‌ನಲ್ಲೇ ಇದೆ, ಚೆನ್ನಾಗಿಯೇ ನಡೆಯುತ್ತಿದೆ. ಎಕ್ಸೆಲ್ ಬಿಡಲೇಬೇಕಾ?

ಉತ್ತರ: ಬಿಡಬೇಕಿಲ್ಲ. ನೋಡಲು, ಕೂಡಿಸಲು, ಚಾರ್ಟ್ ಮಾಡಲು ಅದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ಆದರೆ ಕಂಪನಿಯ ಮೂಲ ದಾಖಲೆ ಅದರಲ್ಲಿ ಇರಬಾರದು.

ಕಾರಣ ಸಣ್ಣದು. 00457 ಅನ್ನುವ ಐಟಂ ಕೋಡನ್ನು ಸಾಮಾನ್ಯ ಸೆಲ್‌ನಲ್ಲಿ ಟೈಪ್ ಮಾಡಿದರೆ ಅದು 457 ಆಗುತ್ತದೆ. ಎಕ್ಸೆಲ್ ಒಂದು ಸಂಖ್ಯೆಯಲ್ಲಿ 15 ಅಂಕಿಗಳನ್ನಷ್ಟೇ ನೆನಪಿಡುತ್ತದೆ. ಪ್ಯಾಲೆಟ್ (ಮಾಲು ಪೇರಿಸಿ ಸಾಗಿಸುವ ಹಲಗೆ) ಮೇಲೆ ಅದರ ಗುರುತಿಗೆ ಅಂಟಿಸುವ ಎಸ್‌ಎಸ್‌ಸಿಸಿ ಕೋಡ್ 18 ಅಂಕಿಯದು. ಅದನ್ನು ಸಂಖ್ಯೆಯಾಗಿ ಹಾಕಿದರೆ ಕೊನೆಯ ಮೂರು ಅಂಕಿ ಸೊನ್ನೆ ಆಗಿಬಿಡುತ್ತವೆ. ಆಮೇಲೆ ಬೇರೆ ಬೇರೆ ಪ್ಯಾಲೆಟ್‌ಗಳು ಒಂದೇ ಕೋಡ್ ಹೊತ್ತು ನಿಲ್ಲುತ್ತವೆ. ಟೈಪ್ ಮಾಡುವಾಗ ಎಕ್ಸೆಲ್ ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ. ಕೋಡ್ ಇರುವ ಕಾಲಮ್‌ಗಳನ್ನು ಇವತ್ತೇ ‘ಟೆಕ್ಸ್ಟ್’ ಮಾಡಿಬಿಡಿ.

ಫೈಲಿಗೂ ಮಿತಿ ಇದೆ. ಹಳೆಯ ಎಕ್ಸ್‌ಎಲ್‌ಎಸ್ ಫೈಲಿನಲ್ಲಿ 65,536 ಸಾಲು, ಈಗಿನದರಲ್ಲಿ 10,48,576. 2020ರಲ್ಲಿ ಇಂಗ್ಲೆಂಡಿನಲ್ಲಿ 15,841 ಕೋವಿಡ್ ಪ್ರಕರಣಗಳು ದಿನದ ಲೆಕ್ಕದಿಂದ ತಪ್ಪಿಹೋಗಿದ್ದವು. ಹಳೆಯ ಫೈಲಿನ ಸಾಲಿನ ಮಿತಿ ಮುಗಿದದ್ದೇ ಕಾರಣ ಅಂತ ಆಗ ವರದಿಯಾಯಿತು. ನಿಮ್ಮ ಕಾರ್ಖಾನೆ ಅಷ್ಟು ದೊಡ್ಡದಲ್ಲ ಅಂತೀರಾ? ನಿಮಿಷಕ್ಕೊಮ್ಮೆ ಉಷ್ಣತೆ ಬರೆಯುವ ಒಂದೇ ಒಂದು ಸೆನ್ಸರ್ ಹಾಕಿದರೆ 46 ದಿನಕ್ಕೆ ಆ 65,536 ತುಂಬುತ್ತದೆ.

ಪ್ರಶ್ನೆ: ಹೊಸ ಸಾಫ್ಟ್‌ವೇರ್ ಬಂದಿದೆ, ಆದರೆ ಲೈನಿನಲ್ಲಿ ಕೆಲಸ ಮಾಡುವವರು ಶಿಫ್ಟ್ ಮುಗಿದ ಮೇಲೆ ನೆನಪಿನಿಂದ ತುಂಬುತ್ತಾರೆ. ಎಷ್ಟು ಹೇಳಿದರೂ ಕೇಳುವುದಿಲ್ಲ. ಏನು ಮಾಡೋದು?

ಉತ್ತರ: ಅವರನ್ನು ಬೈಯುವ ಮೊದಲು ಆ ಫಾರಂ ತೆರೆದು ನೀವೇ ಒಮ್ಮೆ ತುಂಬಿ ನೋಡಿ, ಕೈಗವಸು ಹಾಕಿಕೊಂಡು, ಲೈನ್ ಓಡುತ್ತಿರುವಾಗ. 20 ಖಾನೆ ಇದ್ದರೆ ಯಾರು ತಾನೇ ತುಂಬುತ್ತಾರೆ? ತೂಕದ ಯಂತ್ರದಿಂದ ಅಂಕಿ ನೇರವಾಗಿ ಬರುವಂತಿದ್ದರೆ ಅವರ ಕೈಯಲ್ಲಿ ಬರೆಸಲೇಬೇಡಿ. ಮಾಲಿನ ಚೀಲದ ಲಾಟ್ ನಂಬರ್ (ಅದು ಯಾವ ಕಂತಿನ ಮಾಲು ಅನ್ನುವ ಗುರುತು) ಸ್ಕ್ಯಾನ್ ಆಗಲಿ. ಲೈನ್ ನಿಂತ ಕಾರಣಕ್ಕೆ ಏಳೆಂಟು ಆಯ್ಕೆ ಸಾಕು. ‘ಇತರೆ’ ಅನ್ನುವುದನ್ನು ಪಟ್ಟಿಯ ಕೊನೆಗೆ ಹಾಕಿ. ಮೇಲಿಟ್ಟರೆ ಎಲ್ಲರೂ ಅದನ್ನೇ ಒತ್ತುತ್ತಾರೆ.

ಬರೆದದ್ದು ಎಲ್ಲಿಗೆ ಹೋಗುತ್ತದೆ ಅಂತಲೂ ಅವರಿಗೆ ಕಾಣಬೇಕು. ಮೂರು ತಿಂಗಳಿಗೊಮ್ಮೆ ಅವರನ್ನೇ ಸೇರಿಸಿಕೊಂಡು ಮಾಲು ವಾಪಸ್ ಕರೆಸುವ ಅಣಕು ಪರೀಕ್ಷೆ ಮಾಡಿ. ಮೈದಾ ಹಿಟ್ಟಿನ ಒಂದು ಲಾಟ್ ನಂಬರ್ ಕೊಟ್ಟು, ಅದು ಯಾವ ಬ್ಯಾಚಿಗೆ ಹೋಯಿತು, ಆ ಪ್ಯಾಕೆಟ್ ಯಾರಿಗೆ ತಲುಪಿತು ಅಂತ ಹುಡುಕಿ. ಬಂದದ್ದು 500 ಕೆಜಿ ಆಗಿದ್ದರೆ ಬಳಸಿದ್ದು, ಉಳಿದದ್ದು, ಎಸೆದದ್ದು ಕೂಡಿ 500ರ ಹತ್ತಿರ ಬರಬೇಕು. ಮೊದಲ ಸಲ ಬರುವುದಿಲ್ಲ. 40 ಕೆಜಿ ಎಲ್ಲಿ ಹೋಯಿತು ಅಂತ ಗೋದಾಮಿನವರೂ ಲೈನಿನವರೂ ಒಂದೇ ಪರದೆಯ ಮುಂದೆ ನಿಂತು ಹುಡುಕುವಾಗ, ಯಾವ ಖಾನೆ ನಿಜವಾಗಿ ಬೇಕು, ಯಾವುದನ್ನು ತೆಗೆದುಹಾಕಬಹುದು ಅಂತ ಅವರೇ ಹೇಳುತ್ತಾರೆ. ಅದನ್ನು ಬರೆದುಕೊಂಡು, ಅವತ್ತೇ ಫಾರಂ ಬದಲಾಯಿಸಿ.